ಮೂಗು ನೋಡಿ ಬರೆದ ಪೇಪರು

ಈಚೆಗೆ ವೈದ್ಯಕೀಯ ಸಂಶೋಧನೆಗೆ ಸೇರಿದ ಒಬ್ಬ ಹುಡುಗಿ ಫೋನು ಮಾಡಿ, ಸರ್, ನಿಮ್ಮ ಎಚ್-ಇಂಡೆಕ್ಸ್ ಎಷ್ಟು ಎಂದು ಕೇಳಿದಳು. ಬಿಪಿ ಎಷ್ಟು ಎಂದು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ. ನಾವು ಕೆಲಸಕ್ಕೆ ಸೇರಿದಾಗ ಆ ಹೆಸರಿನ ಪ್ರಾಣಿಯೇ ಹುಟ್ಟಿರಲಿಲ್ಲ. ಆದರೆ ಒಬ್ಬ ಎಷ್ಟು ಪೇಪರು ಬರೆದ, ಅವನ್ನು ಎಷ್ಟು ಜನ ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದರು ಎಂಬ ಲೆಕ್ಕ ಆಗಲೂ ಇತ್ತು. ಆ ಲೆಕ್ಕದಿಂದಲೇ ಮನುಷ್ಯನನ್ನು ತೂಗುವ ಚಟವೂ ಇತ್ತು. ಫೋನಿನಲ್ಲಿ ಆ ಹುಡುಗಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿ ಬರುವುದಿಲ್ಲ. ಬೇಕಾದವರು ಕಚೇರಿಗೆ ಹೋಗಿ ಕೇಳಬಹುದು. ಅಲ್ಲಿಯೂ ಯಾರಿಗೂ ನೆನಪಿರಲಿಕ್ಕಿಲ್ಲ.

ಊರು ನನ್ನದು ಶಹಾಪುರ. ಅಪ್ಪ ತಹಶೀಲು ಕಚೇರಿಯಲ್ಲಿ ಗುಮಾಸ್ತರು. ಮಗ ಎಂ.ಬಿ.ಬಿ.ಎಸ್. ಮುಗಿಸಿ ಬಸ್‌ಸ್ಟ್ಯಾಂಡಿನ ಎದುರಿಗೆ ದವಾಖಾನೆ ಹಾಕುತ್ತಾನೆಂದು ಜಾಗವನ್ನೂ ನೋಡಿಟ್ಟಿದ್ದರು. ನಾನು ಹೋಗಿ ಸೇರಿದ್ದು ಮಲೇರಿಯಾ ಸಂಶೋಧನೆಯ ಒಂದು ಸಣ್ಣ ಘಟಕಕ್ಕೆ. ಕೃಷ್ಣೆಯ ನೀರು ಕಾಲುವೆ ಹಿಡಿದು ನಮ್ಮ ಕಡೆಗೆ ಬರತೊಡಗಿದ್ದ ಕಾಲ ಅದು. ನೀರಿನ ಹಿಂದೆ ಸೊಳ್ಳೆ, ಸೊಳ್ಳೆಯ ಹಿಂದೆ ಜ್ವರ, ಜ್ವರದ ಹಿಂದೆ ನಾವು. ಘಟಕ ಎಂದರೆ ದೊಡ್ಡದೇನಲ್ಲ: ಒಂದು ಬಾಡಿಗೆ ಮನೆ, ಎರಡು ಸೂಕ್ಷ್ಮದರ್ಶಕ, ತಳ್ಳಿದರೆ ಮಾತ್ರ ಹೊರಡುವ ಒಂದು ಜೀಪು. ಅಪ್ಪ ಬಂದವರ ಮುಂದೆಲ್ಲ, ಸೂಜಿ ಹಿಡಿಯಬೇಕಾದ ಮಗ ಸೊಳ್ಳೆ ಹಿಡಿಯಲು ಹೋದ ಎಂದು ಹೇಳಿಕೊಂಡು ತಿರುಗಿದರು.

ಅವರ ಮಾತು ಸುಳ್ಳೇನಲ್ಲ. ಸಂಜೆ ದನದ ಕೊಟ್ಟಿಗೆಗೆ ಹೋಗಿ, ಬಾಯಲ್ಲಿ ಒಂದು ಕೊಳವೆ ಇಟ್ಟುಕೊಂಡು, ಗೋಡೆಯ ಮೇಲೆ ಕೂತ ಸೊಳ್ಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುವುದು ನಮ್ಮ ಕೆಲಸದ ಒಂದು ಭಾಗವಾಗಿತ್ತು. ಕೊಳವೆಯ ನಡುವೆ ಬಲೆಬಟ್ಟೆ ಇರುವುದರಿಂದ ಸೊಳ್ಳೆ ಬಾಯಿಗೆ ಬರುವುದಿಲ್ಲ. ನೋಡುವವರಿಗೆ ಅದು ಕಾಣುವುದಿಲ್ಲ. ರಾಮಸಮುದ್ರದ ಒಬ್ಬ ಮುದುಕಿ ನನ್ನನ್ನು ಬಹಳ ಹೊತ್ತು ನೋಡಿ, ಇದಕ್ಕೆ ಸರಕಾರ ಪಗಾರ ಕೊಡುತ್ತದೆಯೇ ಎಂದು ಕೇಳಿದಳು. ಕೊಡುತ್ತದೆ ಎಂದೆ. ಹಾಗಾದರೆ ನಮ್ಮ ಕೊಟ್ಟಿಗೆಯ ಹಲ್ಲಿಗೂ ಒಂದಿಷ್ಟು ಕೊಡಿಸಪ್ಪ, ಪಾಪ, ಅದೂ ದಿನಾ ಇದನ್ನೇ ಮಾಡುತ್ತದೆ ಎಂದಳು.

ಅದೇ ಊರಿನಲ್ಲಿ ಮೊದಲ ದೊಡ್ಡ ಎಡವಟ್ಟೂ ಆಯಿತು. ದಿನವಿಡೀ ಮನೆಮನೆಗೆ ತಿರುಗಿ, ಬೆರಳು ಚುಚ್ಚಿ, ಗಾಜಿನ ಪಟ್ಟಿಗಳ ಮೇಲೆ ರಕ್ತ ತೆಗೆದುಕೊಂಡು ಬಂದು, ಒಣಗಲೆಂದು ಮೇಜಿನ ಮೇಲೆ ಹರಡಿ ಊಟಕ್ಕೆ ಹೋದೆವು. ತಿರುಗಿ ಬರುವಷ್ಟರಲ್ಲಿ ಇರುವೆಗಳು ಇಡೀ ಊರಿನ ರಕ್ತವನ್ನು ನೆಕ್ಕಿ ಗಾಜನ್ನು ತೊಳೆದಿಟ್ಟ ಹಾಗೆ ಮಾಡಿದ್ದವು. ಮರುದಿನ ಮುಖ ಸಣ್ಣದು ಮಾಡಿಕೊಂಡು ಮತ್ತೆ ಅದೇ ಮನೆಗಳಿಗೆ ಹೋದೆವು. ನಿನ್ನೆ ಕೊಟ್ಟದ್ದನ್ನು ಮಾರಿಕೊಂಡಿರೇನು ಎಂದು ಕೇಳಿದರು. ಇರುವೆ ತಿಂದವು ಎಂದೆ. ಓಣಿಯೇ ನಕ್ಕಿತು. ನಗುನಗುತ್ತಲೇ ಮತ್ತೆ ಬೆರಳು ಕೊಟ್ಟರು. ಅಂದಿನಿಂದ ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟೆವು. ನಮ್ಮ ಅವ್ವ ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯ ಅದು. ಯಾವ ಜರ್ನಲಿನಲ್ಲೂ ನಾನು ಅದನ್ನು ಓದಿರಲಿಲ್ಲ.

ಘಟಕದ ಮುಖ್ಯಸ್ಥರು ಡಾ. ಶ್ರೀಕಂಠಯ್ಯ. ಮೈಸೂರು ಕಡೆಯವರು. ಬಂದ ಮೊದಲ ದಿನ ನಮ್ಮ ಜವಾನ 'ಬರ್ರಿ, ಕುಂದರ್ರಿ' ಎಂದದ್ದನ್ನು ಕೇಳಿ, ನಾನೇನು ತಪ್ಪು ಮಾಡಿದೆ, ಇವನು ಯಾಕೆ ಬೈಯುತ್ತಿದ್ದಾನೆ ಎಂದು ನನ್ನನ್ನು ಕೇಳಿದ್ದರು. ಒಳ್ಳೆಯವರು, ಆದರೆ ಉಲ್ಲೇಖಗಳ ಹುಚ್ಚು ಬಹಳ. ಆಗ ಕಂಪ್ಯೂಟರ್ ಇರಲಿಲ್ಲ. ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬುದನ್ನು ಸಾಸಿವೆಯಂಥ ಅಕ್ಷರಗಳಲ್ಲಿ ಅಚ್ಚು ಮಾಡಿದ ದಪ್ಪ ಸಂಪುಟಗಳಿದ್ದವು. ಅವು ಹೈದರಾಬಾದಿನ ಗ್ರಂಥಾಲಯದಲ್ಲಿ ಇರುತ್ತಿದ್ದವು. ಸಾಹೇಬರು ವರ್ಷಕ್ಕೊಮ್ಮೆ ಯಾದಗಿರಿಯಲ್ಲಿ ರೈಲು ಹತ್ತಿ, ಒಂದು ಭೂತಗನ್ನಡಿ ಹಿಡಿದುಕೊಂಡು ಹೋಗಿ ನಮ್ಮ ಹೆಸರು ಹುಡುಕಿ ಬರುತ್ತಿದ್ದರು. ಮರಳಿದಾಗ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಯಾರೂ ನಮ್ಮನ್ನು ಓದಿಲ್ಲ ಕಣಪ್ಪ ಎಂದು ಹೇಳಿ ಬ್ಯಾಗು ಇಳಿಸುತ್ತಿದ್ದರು. ನನಗೆ ಒಳಗೇ ನಗು. ಓದುವಂಥದ್ದು ನಾವು ಬರೆದರೆ ತಾನೆ ಓದುವುದು!

ಅಂಥದ್ದೊಂದನ್ನು ಕೊನೆಗೆ ನಾನೇ ಬರೆದೆ. ಈ ಕಥೆಯೆಲ್ಲ ಅದರದ್ದೇ.

ನಮ್ಮ ಕಡೆ ಒಂದು ರೂಢಿಯಿತ್ತು. ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ತೀರಿಕೊಂಡರೆ, ಮುಂದೆ ಹುಟ್ಟಿದ ಗಂಡುಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಣ್ಣ ಎಂದು ಹೆಸರಿಟ್ಟು, ಮೂಗು ಚುಚ್ಚಿಸುತ್ತಿದ್ದರು. ಇದು ಯಾರಿಗೂ ಬೇಡವಾದ ಕೂಸು ಎಂದು ತಿಳಿದು ಸಾವು ಬಿಟ್ಟುಹೋಗಲಿ ಎಂಬ ನಂಬಿಕೆ. ಇಂಥ ಹುಡುಗನ ತಾಯಿಯ ಮುಂದೆ ತೀರಿಹೋದ ಮಕ್ಕಳ ಮಾತು ಎತ್ತಬಾರದು. ಎತ್ತಿದರೆ ಇದ್ದವನ ಮೇಲೆ ಕಣ್ಣು ಬೀಳುತ್ತದೆ. ನಮ್ಮ ದೊಡ್ಡಮ್ಮನ ಮಗನಿಗೂ ಮೂಗು ಚುಚ್ಚಿತ್ತು. ಅವನಿಗಿಂತ ಮೊದಲು ಹುಟ್ಟಿದವರು ಎಲ್ಲಿ ಎಂದು ನಾನು ಸಣ್ಣವನಿದ್ದಾಗ ಕೇಳಿ, ಅವ್ವನ ಕೈಯಿಂದ ಕೆನ್ನೆಗೆ ಬಾರಿಸಿಕೊಂಡಿದ್ದೆ.

ಕಾಲುವೆಯ ನೀರು ಬಂದ ಮೇಲೆ ಹಳ್ಳಿಗಳಲ್ಲಿ ಕೂಸುಗಳ ಸಾವು ಹೆಚ್ಚಾಗಿದೆಯೇ ಎಂದು ತಿಳಿಯಬೇಕಾಗಿತ್ತು. ಹುಟ್ಟುಸಾವುಗಳನ್ನು ಆಗ ಯಾರೂ ಸರಿಯಾಗಿ ಬರೆಸುತ್ತಿರಲಿಲ್ಲ. ತಾಯಂದಿರನ್ನು ಕೇಳುವುದು ನನ್ನಿಂದಾಗದು. ಆಗ ನನಗೆ ಹೊಳೆದದ್ದು ಮೂಗು. ಒಂದನೇ ಇಯತ್ತೆಯ ಗಂಡುಮಕ್ಕಳ ಮೂಗು ನೋಡಿದರೆ ಸಾಕು, ಆ ಮನೆಯಲ್ಲಿ ಏನಾಗಿದೆ ಎಂದು ಯಾರ ನೋವನ್ನೂ ಕೆದಕದೆ ತಿಳಿಯುತ್ತದೆ. ಹೆಸರನ್ನು ನಂಬುವಂತಿರಲಿಲ್ಲ, ಅಜ್ಜನ ಹೆಸರೆಂದು ಮೊಮ್ಮಗನಿಗೂ ತಿಪ್ಪಣ್ಣ ಎಂದು ಇಡುತ್ತಾರೆ. ಆದರೆ ಅಜ್ಜನ ಮೇಲಿನ ಪ್ರೀತಿಗೆ ಯಾರೂ ಮೊಮ್ಮಗನ ಮೂಗು ಚುಚ್ಚಿಸುವುದಿಲ್ಲ. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಶಾಲೆಯಿಂದ ಶಾಲೆಗೆ ತಿರುಗಿದೆ. ಮಕ್ಕಳು ನನಗೆ ಮೂಗಿನ ಡಾಕ್ಟ್ರು ಎಂದು ಹೆಸರಿಟ್ಟರು. ನೆಗಡಿಯಾದವರೆಲ್ಲ ಓಡಿ ಬಂದು ಮುಂದೆ ನಿಲ್ಲುತ್ತಿದ್ದರು.

ಸುರಪುರದ ಕಡೆಯ ಕಾಲುವೆ ಊರುಗಳ ಶಾಲೆಗಳಲ್ಲಿ ಚುಚ್ಚಿದ ಮೂಗುಗಳು ಹೆಚ್ಚು ಸಿಕ್ಕವು. ಯಾದಗಿರಿ ಕಡೆಯ ಒಣ ಊರುಗಳಲ್ಲಿ ಕಡಿಮೆ. ಎರಡೂ ಕಡೆಯ ಜನ ಒಂದೇ, ಊಟ ಒಂದೇ, ನೀರು ಮಾತ್ರ ಬೇರೆ. ಅಂದಮೇಲೆ ಕಾಲುವೆಯೇ ಕೂಸುಗಳನ್ನು ತಿನ್ನುತ್ತಿದೆ. ಹಾಗೆಂದೇ ಬರೆದೆ. ಪರದೇಶದ ಒಂದು ಜರ್ನಲು ಅದನ್ನು ಅಚ್ಚು ಹಾಕಿತು.

ಆಮೇಲೆ ನೋಡಬೇಕಿತ್ತು ನಮ್ಮ ಘಟಕದ ವೈಭವ. ಪೇಪರಿನ ಪ್ರತಿ ಕಳಿಸಿ ಎಂದು ಎಲ್ಲೆಲ್ಲಿಂದಲೋ ಕಾರ್ಡುಗಳು ಬಂದವು. ಪೋಸ್ಟ್‌ಮ್ಯಾನ್ ಅವುಗಳ ಸ್ಟ್ಯಾಂಪು ತನ್ನ ಮಗಳಿಗೆ ಬೇಕೆಂದು ಬಾಗಿಲಲ್ಲೇ ನಿಂತು ಬಿಡಿಸಿಕೊಳ್ಳುತ್ತಿದ್ದ. ಸಾಹೇಬರು ಹೈದರಾಬಾದಿನಿಂದ ಭೂತಗನ್ನಡಿಯ ಜೊತೆಗೆ ಮಿಠಾಯಿಯನ್ನೂ ತಂದರು. ನಮ್ಮ ಹೆಸರು ಒಂದಲ್ಲ, ಹಲವು ಕಡೆ ಇತ್ತು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಕನ್ನಡ ಪತ್ರಿಕೆ 'ಹೊಲಕ್ಕೆ ಕಾಲುವೆ ನೀರು, ತೊಟ್ಟಿಲಿಗೆ ಕಣ್ಣೀರು' ಎಂದು ತಲೆಬರಹ ಕೊಟ್ಟು ನನ್ನ ಪೇಪರಿನ ಸುದ್ದಿ ಹಾಕಿತು. ಉಲ್ಲೇಖ ಎಂದರೆ ಜರ್ನಲಿನ ಕೊನೆಯ ಪುಟದಲ್ಲಿ ಬರುವ ಸಾಲು ಎಂದಷ್ಟೇ ತಿಳಿದಿದ್ದೆ. ಅದು ಮನೆ ಬಾಗಿಲಿಗೂ ಬರುತ್ತದೆ ಎಂದು ತಿಳಿದದ್ದು ಮಾನಪ್ಪ ಬಂದಾಗ.

ಮಾನಪ್ಪ ಬೋನಾಳದ ಹತ್ತಿರದ ಒಂದು ಕಾಲುವೆ ಊರಿನ ರೈತ, ಇನ್ನೂ ಹುಡುಗ. ಸಂತೆಯ ದಿನ ಘಟಕದ ಪಡಸಾಲೆಯಲ್ಲಿ ಬಂದು ಕೂತ. ಜ್ವರವೇ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿ, ಆ ಪತ್ರಿಕೆಯ ತುಣುಕನ್ನು ಅಂಗಿಯ ಕಿಸೆಯಿಂದ ತೆಗೆದು ಇದನ್ನು ಬರೆದವರು ನೀವೇನು ಎಂದ. ಹೌದು ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವನ ಹೆಂಡತಿ ಸುಜಾತಾ ಚೊಚ್ಚಲ ಬಾಣಂತನಕ್ಕೆಂದು ಯಾದಗಿರಿ ಕಡೆಯ ಒಣ ಊರು ಮುದನಾಳಕ್ಕೆ, ತವರಿಗೆ, ಹೋಗಿದ್ದಳು. ಹೆಣ್ಣುಮಗು. ತಿಂಗಳು ತುಂಬಿ, ತೊಟ್ಟಿಲ ಸಮೇತ ಗಂಡನ ಮನೆಗೆ ಬರಬೇಕಾದ ಹೊತ್ತಿಗೆ ಅವಳ ಅಪ್ಪ ಈ ಸುದ್ದಿ ಓದಿದ್ದರು.

"ಮಾವ ನನ್ನ ಹೇಣ್ತಿನ್ನ ಕಳಸವಲ್ರು ಸಾಹೇಬ್ರ. ನಿಮ್ಮೂರಾಗ ಕೂಸು ಉಳಿಯಂಗಿಲ್ಲ, ಡಾಕ್ಟ್ರು ಬರದಾರ ಅಂತಾರ. ನೀವು ಬರದೀರಿ, ನೀವೇ ಬಂದು ಬಿಡಸ್ರಿ," ಎಂದ ಮಾನಪ್ಪ.

ಜಗಳವೂ ಆಗಿತ್ತಂತೆ. ಮಗಳನ್ನು ಕಳಿಸುತ್ತೇನೆ ಎಂದು ನೀವು ಹೇಳಿದ ದಿನವೇ ನಿಮ್ಮ ಹೊಸ್ತಿಲು ತುಳಿಯುತ್ತೇನೆ, ಅಲ್ಲಿಯತನಕ ಇಲ್ಲ ಎಂದು ಮಾವನಿಗೆ ಆಣೆ ಮಾಡಿ ಬಂದಿದ್ದ. ಹಟದಲ್ಲಿ ಮಾವನಿಗೆ ತಕ್ಕ ಅಳಿಯ.

ಆ ಮಾವ ಭೀಮರಾಯ ಮಾಸ್ತರು, ಮುದನಾಳದ ಶಾಲೆಯ ಗುರುಗಳು. ನನಗೆ ಗೊತ್ತಿದ್ದವರೇ, ಅವರ ಶಾಲೆಯ ಮೂಗುಗಳನ್ನೂ ನಾನು ಎಣಿಸಿದ್ದೆ. ಮರುವಾರವೇ ಹೋದೆ. ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿ ಕೂಡಿಸಿದರು, ಚಹಾ ತರಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಟ, ಮಂತ್ರ, ಶಕುನ ಯಾವುದನ್ನೂ ನಂಬದ ಮನುಷ್ಯ. ನಂಬುವುದು ವಿಜ್ಞಾನ ಒಂದನ್ನೇ. ಮೊಮ್ಮಗಳ ಜೀವದ ಪ್ರಶ್ನೆ ಬಂದಾಗ ವಿಜ್ಞಾನ ಏನು ಹೇಳುತ್ತದೋ ಅದನ್ನು ಕೇಳಿದ್ದರು. ಆ ವಿಜ್ಞಾನ ನಾನಾಗಿದ್ದೆ. ನನ್ನ ಪೇಪರನ್ನು ಅಷ್ಟು ಗಟ್ಟಿಯಾಗಿ ಉಲ್ಲೇಖಿಸಿದವರು ಬೇರೆ ಯಾರೂ ಇಲ್ಲ.

ಜ್ವರ ಬಂದರೆ ಗುಳಿಗೆ ಇದೆ, ಸೊಳ್ಳೆಪರದೆ ಇದೆ, ಕಳಿಸಿಕೊಡಿ ಎಂದು ನಾನು ಸಮಾಧಾನ ಹೇಳಲು ನೋಡಿದೆ. ಹಾಗಾದರೆ ಪೇಪರಿನಲ್ಲಿ ಬರೆದದ್ದು ಸುಳ್ಳೋ ಎಂದು ಕೇಳಿದರು. ಸುಳ್ಳಲ್ಲ ಎಂದೆ. ಲೆಕ್ಕವನ್ನು ಹೇಗೆ ತೆಗೆದೆ ಎಂದು ಕೇಳಿದರು. ಮೂಗಿನ ವಿಷಯ ವಿವರಿಸಿದೆ. ಮಾಸ್ತರು ಕಪ್ಪು ಕೆಳಗಿಟ್ಟರು.

"ಮೂಗು ಎಣಸೀರಿ, ಖರೆ. ಆ ತಾಯಂದಿರ್ನ ಕೇಳೀರೇನು?"

"ಕೇಳಬಾರದಲ್ರಿ ಮಾಸ್ತರ. ನಿಮಗ ಗೊತ್ತದಲ್ಲ."

"ನಾವು ಬುದ್ಧನ ಹಾದಿ ಹಿಡದು ಅಂಥಾ ಅಂಜಿಕಿ ಬಿಟ್ಟೀವ್ರಿ. ಡಾಕ್ಟ್ರಾಗಿ ನೀವು ಅಂಜೀರಿ? ಹೋಗಿ ಕೇಳ್ಕೊಂಡು ಬರ್ರಿ. ಕೂಸು ಸಾಯ್ತಾವ ಅಂದ್ರ ಮಗಳನ್ನ ಕಳಸಂಗಿಲ್ಲ. ಇಲ್ಲ ಅಂದ್ರ, ಅದನ್ನೂ ಹಿಂಗ ಮುದ್ರಣ ಮಾಡಿ ತರ್ರಿ. ಬಾಯಿಮಾತು ಬ್ಯಾಡ."

ಸುಜಾತಾ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ನಾನು ಹೊರಡುವಾಗ ಅಂಗಳದ ತನಕ ಬಂದಳು. "ಅಪ್ಪಾಗ ಕಾಗದ ಬೇಕು, ನನಗ ನನ್ನ ಮನಿ ಬೇಕ್ರಿ. ಯಾವುದು ಲಗೂ ಆಗತದ ನೋಡ್ರಿ," ಎಂದು ಹೇಳಿ ಒಳಗೆ ಹೋದಳು.

ಶಹಾಪುರಕ್ಕೆ ಬಂದು ಸಾಹೇಬರಿಗೆ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಘಟಕವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಮೇಲಿನಿಂದ ಒಂದು ತಂಡ ಬರುವುದಿತ್ತು. ತೋರಿಸಲು ನಮ್ಮಲ್ಲಿದ್ದದ್ದು ಆ ಒಂದೇ ಪೇಪರು. ಒಬ್ಬ ಮೇಷ್ಟ್ರ ಹಟಕ್ಕೆ ಕೂತ ಕೊಂಬೆಯನ್ನು ಕಡಿಯುತ್ತೀಯೇನಪ್ಪ ಎಂದರು. ನಾನು ಮೂಗಿನ ಲೆಕ್ಕದ ವಹಿ ತೆಗೆದು ಊರುಗಳ ಹೆಸರು ಬರೆದುಕೊಳ್ಳತೊಡಗಿದೆ. ಅದನ್ನು ನೋಡಿ ಅವರೇ ಎದ್ದರು. ಸರಿ, ನಡಿ, ನಾನೂ ಬರುತ್ತೇನೆ. ಕೇಳಿದರೆ ನಮ್ಮ ಮಾತೇ ಇನ್ನಷ್ಟು ಗಟ್ಟಿಯಾಗುತ್ತೆ ಎಂದರು.

ಮೊದಲು ಹೋದದ್ದು ಮಾನಪ್ಪನ ಊರಿಗೇ, ಕುರಿ ಸಾಕುವ ಹಣಮವ್ವ ಎಂಬ ಹೆಣ್ಣುಮಗಳ ಮನೆಗೆ. ಅವಳ ಮಗ ತಿಪ್ಪಣ್ಣ ನನ್ನ ಲೆಕ್ಕದ ಮೂಗುಗಳಲ್ಲಿ ಒಬ್ಬ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಮಳೆಯ ಬಗ್ಗೆ ಕೇಳಿದೆ, ಹತ್ತಿಯ ಬಗ್ಗೆ ಕೇಳಿದೆ, ಕುರಿಗಳ ಕಾಲುಬೇನೆಯ ಬಗ್ಗೆ ಕೇಳಿದೆ. ಕೇಳಬೇಕಾದದ್ದು ಮಾತ್ರ ಗಂಟಲಿನಿಂದ ಮೇಲೆ ಬರಲೊಲ್ಲದು. ಓದಿದ ಓದೆಲ್ಲ ಎಲ್ಲಿ ಹೋಯಿತೋ, ಅವ್ವನ ಕೈಯಷ್ಟೇ ಕೆನ್ನೆಯ ಹತ್ತಿರ ಇತ್ತು. ಸಾಹೇಬರಿಗೆ ತಾಳ್ಮೆ ಮುಗಿಯಿತು. ನಮ್ಮ ರೂಢಿಯ ಭಯ ಅವರಿಗೆಲ್ಲಿಂದ ಬರಬೇಕು!

"ಅಮ್ಮಾ, ಇವನಿಗಿಂತ ಮುಂಚೆ ಎಷ್ಟು ಮಕ್ಕಳು ಹೋದವು? ಎಲ್ಲಿ ಹೋದವು?" ಎಂದು ನೇರವಾಗಿ ಕೇಳಿಬಿಟ್ಟರು.

ಈಗ ಮೊರ ನಮ್ಮ ಮೇಲೆ ಬೀಳುತ್ತದೆ ಎಂದು ನಾನು ಎದ್ದು ನಿಂತೆ. ಹಣಮವ್ವ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು.

"ಎರಡು ಹೋದವ್ರಿ. ಅವು ಈ ನೀರು ನೋಡೇ ಇಲ್ಲ. ಮುಂಬೈಗೆ ಗುಳೆ ಹೋದಾಗ, ಕಟ್ಟೋ ಬಿಲ್ಡಿಂಗ್ ಬಾಜೂಕ ತಾಡಪತ್ರಿ ಕೆಳಗ ಹೋದವು. ಕಾಲುವಿ ಬಂತು ಅಂತ ಸುದ್ದಿ ಬಂದ ಮ್ಯಾಲ ಇವನನ್ನ ಎತಗೊಂಡು ಊರಿಗೆ ಬಂದೀವಿ."

ಅವಳು ಸಿಟ್ಟಾಗಲಿಲ್ಲ. ಆ ಎರಡಕ್ಕೂ ಹೆಸರಿದ್ದವು, ಆ ಹೆಸರು ಹೇಳಿದಳು. ಒಂದಕ್ಕೆ ಆಗಲೇ ಹಲ್ಲು ಬಂದಿತ್ತಂತೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಎಂದು ಹೇಳಿ, ಕಣ್ಣು ಒರೆಸಿಕೊಂಡು, ಒಳಗಿನಿಂದ ಮಜ್ಜಿಗೆ ತಂದು ಕೊಟ್ಟಳು. ನಾವು ಯಾವುದನ್ನು ಮರ್ಯಾದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆವೋ, ಅದು ಅವಳನ್ನು ಒಂಟಿ ಮಾಡಿತ್ತು ಎಂದು ನನಗೆ ಆಗಲೇ ಅನಿಸಿತು.

ಆಮೇಲೆ ಮನೆ ಮನೆ ತಿರುಗಿದೆವು. ಎರಡನೇ ಮನೆಯಿಂದ ನಾನೇ ಕೇಳಿದೆ. ಒಬ್ಬ ತಾಯಿ ಪುಣೆ ಎಂದಳು, ಇನ್ನೊಬ್ಬಳು ಹೈದರಾಬಾದಿನ ರಸ್ತೆ ಕೆಲಸ ಎಂದಳು. ಇಲ್ಲಿಯೇ ಜ್ವರದಿಂದ ಹೋದ ಕೂಸುಗಳೂ ಇದ್ದವು, ಇರಲಿಲ್ಲ ಎಂದು ಹೇಳಲಾರೆ. ಕಾಲುವೆ ಮಲೇರಿಯಾ ತಂದದ್ದು ಖರೆ. ಆದರೆ ಹೆಚ್ಚಿನ ಕೂಸುಗಳು ತೀರಿಕೊಂಡದ್ದು ನೀರು ಬರುವ ಮೊದಲು, ಹೊಟ್ಟೆಪಾಡಿಗೆ ಹೋದ ಪರಊರುಗಳಲ್ಲಿ. ಮುಂದಿನ ವಾರ ಒಣ ಊರುಗಳಲ್ಲೂ ವಿಚಾರಿಸಿದೆವು. ಅಲ್ಲಿ ಮೂಗು ಚುಚ್ಚಿಸಿಕೊಂಡ ಹುಡುಗರು ಇಲ್ಲದೆ ಇರಲಿಲ್ಲ; ತಂದೆತಾಯಿಯ ಬೆನ್ನ ಹಿಂದೆ ಗುಳೆ ಹೋಗಿದ್ದರು, ಶಾಲೆಯಲ್ಲಿ ನನಗೆ ಸಿಗುವುದು ಹೇಗೆ? ಒಣ ಊರಿನ ತಿಪ್ಪಣ್ಣಗಳು ಪರಊರಿನಲ್ಲಿದ್ದರು, ಕಾಲುವೆ ಊರಿನ ತಿಪ್ಪಣ್ಣಗಳು ಮನೆಗೆ ಬಂದಿದ್ದರು. ನಾನು ಸಾವು ಎಂದು ಎಣಿಸಿದ್ದು ಮನೆಗೆ ಮರಳಿದವರನ್ನು. ಹೊರಗಿನವನಾಗಿದ್ದರೆ ಮೊದಲ ದಿನವೇ ಕೇಳಿ ತಿಳಿಯುತ್ತಿದ್ದೆ. ಇದೇ ನೆಲದವನಾದ್ದರಿಂದಲೇ ಎಡವಿದೆ.

ಹಣಮವ್ವನ ಊರಿನಿಂದ ಬರುವಾಗಲೇ ಸಾಹೇಬರ ಮನಸ್ಸು ತಿರುಗಿತ್ತು. ಜೀಪು ಎಂದಿನಂತೆ ಕೈಕೊಟ್ಟಿತ್ತು. ಕಾಲುವೆಯ ದಂಡೆಯ ಮೇಲೆ ನಾವಿಬ್ಬರೂ ಹಿಂದಿನಿಂದ ತಳ್ಳುತ್ತಿದ್ದೆವು. ಏದುಸಿರು ಬಿಡುತ್ತ ನಿಂತು ನನ್ನ ಕಡೆ ನೋಡಿದರು.

"ಕಾಲುವೆ ನಾವು ಬರೆದಷ್ಟು ಮಕ್ಕಳನ್ನ ತಿಂದಿಲ್ಲವಲ್ಲ ಕಣಪ್ಪ. ನಾವು ಸುಳ್ಳಾದದ್ದೇ ಒಳ್ಳೇದಾಯ್ತು. ಬರೆದುಬಿಡು, ರುಜು ಹಾಕ್ತೀನಿ."

ನನ್ನ ವೃತ್ತಿಯಲ್ಲಿ ಅದಕ್ಕಿಂತ ಹಗುರಾದ ಗಳಿಗೆ ಇನ್ನೊಂದಿಲ್ಲ. ಆ ಪೇಪರು ಅಚ್ಚಾದಾಗಿನಿಂದ ಕಾಲುವೆಯ ಊರುಗಳಲ್ಲಿ ಯಾವ ಬಸುರಿಯನ್ನು ನೋಡಿದರೂ ನನ್ನ ಎದೆಯಲ್ಲಿ ಒಂದು ಭಾರ ಕೂರುತ್ತಿತ್ತು. ಅದು ಪೂರ್ತಿ ಇಳಿದುಹೋಯಿತು. ನಾನು ತಪ್ಪಿದ್ದೆ, ಕಾಲುವೆಯ ದಂಡೆಯಲ್ಲಿ ಮಕ್ಕಳು ಬದುಕುತ್ತಿದ್ದರು. ಇಂಥ ತಪ್ಪು ದಿನಕ್ಕೊಂದು ಆಗಲಿ ಎಂದುಕೊಂಡು ಜೀಪಿಗೆ ಇನ್ನೊಮ್ಮೆ ಹೆಗಲು ಕೊಟ್ಟೆ.

ಬರೆದು ಕಳಿಸುವುದು ತಡವಾಗಲಿಲ್ಲ. ಅಚ್ಚಾಗುವುದು ತಡವಾಯಿತು. ಹೊಸ ಸುದ್ದಿಗೆ ಜರ್ನಲುಗಳು ಬೇಗ ಜಾಗ ಮಾಡಿಕೊಡುತ್ತವೆ, ಹಳೆಯದು ತಪ್ಪು ಎಂಬ ಸುದ್ದಿಗೆ ಅವಸರ ತೋರುವುದಿಲ್ಲ. ನಾನು ಮುದನಾಳಕ್ಕೆ ಹೋಗಿ, ತಾಯಂದಿರನ್ನು ಕೇಳಿ ಬಂದೆವು, ನನ್ನ ಮಾತು ತಪ್ಪಿತ್ತು ಎಂದು ಮಾಸ್ತರಿಗೆ ಹೇಳಿದೆ. ಅವರ ಮುಖ ಅರಳಿತು. ಆದರೂ ಅಚ್ಚಾಗಿ ಬರಲಿ ಎಂದರು. ಹೇಳಿದ್ದು ಹಟದ ದನಿಯಲ್ಲಿ ಅಲ್ಲ. ಮೊದಲನೆಯದನ್ನು ನೋಡಲು ಊರೂರಿನ ಪಂಡಿತರು ಇದ್ದರಲ್ಲ, ಇದನ್ನೂ ಅವರೆಲ್ಲ ನೋಡಲಿ, ಮೊಮ್ಮಗಳು ನನಗೆ ಒಬ್ಬಳೇ ಎಂದರು.

ಮಾನಪ್ಪ ಸಂತೆ ಸಂತೆಗೂ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದ. ಬಂತೇನ್ರಿ ಎನ್ನುವುದು, ಇಲ್ಲ ಎಂದರೆ ಎದ್ದು ಹೋಗುವುದು. ನಾನು ಆ ಕಡೆ ಹೋಗಿ ಬಂದಾಗಲೆಲ್ಲ ಮುದನಾಳದ ಸುದ್ದಿ ಮಾತ್ರ ನನ್ನಿಂದ ತಪ್ಪದೆ ಕೇಳಿಕೊಳ್ಳುತ್ತಿದ್ದ. ಕೂಸು ಬೋರಲು ಬಿದ್ದಳು ಎಂದೆ. ಕುಳಿತುಕೊಳ್ಳಲು ಕಲಿತಳು ಎಂದೆ. ಅಂಬೆಗಾಲಿಟ್ಟು ಅಜ್ಜನ ಚಪ್ಪಲಿ ಕಚ್ಚುತ್ತಾಳೆ ಎಂದಾಗ ನಕ್ಕ, ಹಿಂದೆಯೇ ಮುಖ ಆಚೆ ತಿರುಗಿಸಿಕೊಂಡ. ಒಂದು ಸಲ ನಾನು ರೇಗಿ, ಹೋಗಿ ನೋಡಿಕೊಂಡು ಬಾರೋ ಮಾರಾಯ, ನಿನ್ನ ಆಣೆ ಗಂಗೆಗೆ ಹೋಗಲಿ ಎಂದೆ. ಅವನು ಜಗ್ಗಲಿಲ್ಲ. ತಿರುಗಿ ಬರುವಾಗ ಬರಿಗೈಲಿ ಬರಬೇಕಾಗುತ್ತದೆ, ಅದು ತನ್ನಿಂದಾಗದು ಎಂದ.

ಈ ನಡುವೆ ಮೇಲಿನಿಂದ ತಂಡ ಬಂದು ಹೋಯಿತು. ಸಾಹೇಬರು ಅಚ್ಚಾದ ಪೇಪರನ್ನೂ ಅಚ್ಚಿಗೆ ಕಳಿಸಿದ್ದರ ಪ್ರತಿಯನ್ನೂ ಅವರ ಮುಂದೆ ಇಟ್ಟು, ಒಂದು ತಪ್ಪು, ಒಂದು ಸರಿ, ಎರಡೂ ನಮ್ಮವೇ ಎಂದರು. ತಂಡದವರು ತಲೆಯಾಡಿಸಿ, ಮಧ್ಯಾಹ್ನದ ರೊಟ್ಟಿ ಎಣ್ಣೆಗಾಯಿಯನ್ನು ಹೊಗಳಿ ಹೊರಟರು. ಘಟಕ ಉಳಿಯಿತು. ಬಹಳ ವರ್ಷಗಳ ಮೇಲೆ ಮುಚ್ಚಿದ್ದು ಜ್ವರ ಇಳಿದು ಕೆಲಸವಿಲ್ಲದೆ. ಅಂಗಡಿ ಮುಚ್ಚಿದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಸಂಶೋಧನೆಗೆ ಬರುವ ಮಕ್ಕಳೇ, ಉಲ್ಲೇಖದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈಗೆಲ್ಲ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಕಾಣುತ್ತದೆ. ನನ್ನ ತಪ್ಪು ಪೇಪರನ್ನು ಜನ ಈಗಲೂ ಉಲ್ಲೇಖಿಸುತ್ತಾರೆ. ನನ್ನ ಇಂಡೆಕ್ಸು ಎಂಬುದು ನಿಂತಿದ್ದರೆ ಅದರ ಬಲದಿಂದಲೇ. ತಿದ್ದಿ ಬರೆದದ್ದನ್ನು ಯಾರೂ ಉಲ್ಲೇಖಿಸಿಲ್ಲ, ಹುಡುಕಿ ನೋಡಿದ್ದೇನೆ. ಮೊದಲು ಇದಕ್ಕೆ ಹೊಟ್ಟೆ ಉರಿಯುತ್ತಿತ್ತು. ಈಗ ಉರಿಯುವುದಿಲ್ಲ. ಯಾಕೆಂದು ಹೇಳುತ್ತೇನೆ.

ಅಚ್ಚಾದ ಸಂಚಿಕೆ ಕೊನೆಗೂ ಬಂತು. ಮಾನಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿ ಮುದನಾಳಕ್ಕೆ ಹೋದೆ. ಅವನು ಹೊಸ ಅಂಗಿ ಹಾಕಿಕೊಂಡಿದ್ದ. ಆದರೂ ಹೊಸ್ತಿಲು ದಾಟದೆ ಅಂಗಳದ ಬೇವಿನ ಮರದ ಕೆಳಗೆ ನಿಂತ. ಮಾಸ್ತರು ಕನ್ನಡಕ ಹಾಕಿಕೊಂಡು ಪುಟ ಬಿಡಿಸಿದರು. ಅರ್ಧ ಪುಟವೂ ಇರಲಿಲ್ಲ ಅದು. ಇಂಗ್ಲಿಷಿನ ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದರು, ತಿಳಿಯದ ಕಡೆ ನನ್ನನ್ನು ಕೇಳಿದರು. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಸುಜಾತಾ ಬಾಗಿಲಲ್ಲೇ ಇದ್ದಳು. ಅವಳ ಗಂಟು ಆಗಲೇ ಕಟ್ಟಿತ್ತು, ನನಗೆ ಕಾಣುತ್ತಿತ್ತು.

"ಇದನ್ನ ಎಷ್ಟು ಮಂದಿ ಓದ್ಯಾರ್ರಿ?" ಎಂದರು ಮಾಸ್ತರು.

"ಸದ್ಯಕ್ಕ ನೀವೊಬ್ಬರೇ ಮಾಸ್ತರ."

"ಯಾರಿಗೆ ಅಂತ ಬರದಿದ್ರಿ?"

"ನಿಮಗೇ."

ಅವರು ಸಂಚಿಕೆಯನ್ನು ಮಡಿಚಿ ನನ್ನ ಕೈಗೆ ಕೊಡಲಿಲ್ಲ, ತಮ್ಮ ಕಿಸೆಗೆ ಇಟ್ಟುಕೊಂಡರು. ಎದ್ದು ಹೊರಗೆ ಬಂದು ಬೇವಿನ ಮರದ ಕಡೆ ನೋಡಿದರು. ಬಿಸಿಲಿನಲ್ಲಿ ಯಾಕೆ ನಿಂತಿದ್ದೀ, ಒಳಗೆ ಬಾರಪ್ಪ, ಊಟ ಮಾಡಿ ಮೂವರೂ ಹೊರಡುವಿರಂತೆ ಎಂದರು. ಆ 'ಮೂವರೂ' ಎಂಬ ಮಾತಿಗೆ ಸುಜಾತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ರಾತ್ರಿ ನಾನು ಮಾಸ್ತರ ಮನೆಯಲ್ಲೇ ಉಳಿದೆ. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿದೆವು. ತೊಟ್ಟಿಲನ್ನು ಮಾಸ್ತರೇ ಮೇಲೆ ಹತ್ತಿ ಕಟ್ಟಿದರು. ಸುಜಾತಾ ಕಿಟಕಿಯ ಹತ್ತಿರ ಕೂತು ಕೂಸನ್ನು ಗಂಡನ ಕೈಗೆ ಕೊಟ್ಟಳು. ಊಟದ ಹೊತ್ತಿನಲ್ಲೆಲ್ಲ ನಿದ್ದೆಯಲ್ಲಿದ್ದ ಅದನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ಈ ಗಂಡಸು ಯಾರೆಂದು ಗುರುತಿಲ್ಲದ ಕೂಸು ಅವನ ಮುಖ ನೋಡಿದ್ದೇ ಬಸ್ಸು ಹಾರುವಂತೆ ಚೀರತೊಡಗಿತು. ಬಸ್ಸು ಹೊರಟ ಮೇಲೂ ನಮಗೆ ಆ ದನಿ ಕೇಳುತ್ತಿತ್ತು. ಆಮೇಲೆ ಸುಜಾತಾ ಹೇಳಿದಳು: ಭೀಮಾ ಸೇತುವೆ ದಾಟಿ, ಶಹಾಪುರ ದಾಟಿ, ಸುರಪುರ ಬರುವ ತನಕ ಕೂಸು ಅತ್ತೇ ಅತ್ತಿತಂತೆ. ತಾನು ಕೈ ಚಾಚಿದಳಂತೆ, ಪಕ್ಕದಲ್ಲಿದ್ದ ಮುದುಕಿಯರು ಕೈ ಚಾಚಿದರಂತೆ. ಮಾನಪ್ಪ ಯಾರ ಕೈಗೂ ಕೊಡಲಿಲ್ಲವಂತೆ.